‘ಮೇ ಪ್ರಾಬಬ್ಲಿ’ ಅಂದ್ರೆ ನಗೋದ್ಯಾಕೆ? ‘ಬಹುದು’ ಮತ್ತು ಇಂಗ್ಲಿಷಿನ ಹಳೇ ಕಥೆ

(ಈ ವಾರದ ಇತಿಹಾಸ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ.)



ಹೋದ ವಾರ ನಮಗೊಂದು ವಾಯ್ಸ್ ನೋಟ್ ಬಂತು. ಹುಬ್ಬಳ್ಳಿಯ ಗೋಪನಕೊಪ್ಪದಿಂದ. ಕೇಶ್ವಾಪುರ, ಬೆಂಗೇರಿ ಕಡೆ ಓಡಾಡಿದವರಿಗೆ ಗೊತ್ತು, ಅಲ್ಲೇ ಪಕ್ಕದ ಬಡಾವಣೆ. ಕಳಿಸಿದವರು ಡಿಗ್ರಿ ಮುಗಿಸಿ ಕೆಲಸ ಹುಡುಕ್ತಾ ಇರೋ ಹುಡುಗಿ, ಸಂಜೆ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹೋಗ್ತಾರೆ. ಅವರ ಮಾತು ಹೀಗಿತ್ತು: “ನಮಸ್ಕಾರ್ರೀ. ಕ್ಲಾಸ್‌ನ್ಯಾಗ ನಾ ‘ಹಿ ಮೇ ಪ್ರಾಬಬ್ಲಿ ಕಮ್’ ಅಂದೆ. ಎಲ್ಲಾರೂ ನಕ್ಕರು. ‘ಮೇ’ ಅಂದಮ್ಯಾಲೆ ಮತ್ತ ‘ಪ್ರಾಬಬ್ಲಿ’ ಯಾಕ ಅಂತ ಸರ್ ಕೇಳಿದ್ರು. ಕನ್ನಡದಾಗ ‘ಬಹುಶಃ ಬರಬಹುದು’ ಅಂತೀವಲ್ರೀ? ಅದು ತಪ್ಪಲ್ಲ ಅಂದ್ರ ಇದ್ಯಾಕ ತಪ್ಪು?”

ಪ್ರಶ್ನೆ ಚಿಕ್ಕದು, ಆದ್ರೆ ಉತ್ತರಕ್ಕೆ ಸಾವಿರ ವರ್ಷ ಹಿಂದೆ ಹೋಗ್ಬೇಕು. ‘ಮೇ’, ‘ಕ್ಯಾನ್’, ‘ಶುಡ್’ ಥರದ ಪದಗಳೂ ‘ಪ್ರಾಬಬ್ಲಿ’, ‘ಡೆಫಿನೆಟ್ಲಿ’ ಥರದ ಪದಗಳೂ ಒಟ್ಟಿಗೆ ಹೇಗೆ ಕೂರ್ತವೆ ಅನ್ನೋದು ಗ್ರಾಮರ್ ಪುಸ್ತಕದಲ್ಲಿ ಅರ್ಧ ಪುಟದ ವಿಷಯ. ಇಂಟರ್‌ವ್ಯೂದಲ್ಲಿ ಮಾತ್ರ ಈ ಅರ್ಧ ಪುಟದ ಮೇಲೇ ಜನರನ್ನ ಅಳೆದುಬಿಡ್ತಾರೆ. ಹಾಗಾಗಿ ಇವತ್ತು ಇದೇ ಕಥೆ.

ಮೊದಲು ‘ಮೇ’, ‘ಕ್ಯಾನ್’, ‘ಮಸ್ಟ್’, ‘ಶಲ್’, ‘ವಿಲ್’. ಇವಕ್ಕೆ ಮೋಡಲ್ ಕ್ರಿಯಾಪದ ಅಂತಾರೆ. ಇವತ್ತು ಇವು ಇನ್ನೊಂದು ಕ್ರಿಯಾಪದದ ಬಾಲ ಹಿಡ್ಕೊಂಡೇ ಬದುಕ್ತವೆ. ಹಿಂದೆ ಹಾಗಿರಲಿಲ್ಲ, ಸ್ವಂತ ಮನೆ, ಸ್ವಂತ ಅರ್ಥ ಇದ್ದ ಕ್ರಿಯಾಪದಗಳು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ‘ಕ್ಯಾನ್’ ಅಂದ್ರೆ ‘ತಿಳಿದಿದೆ’. ‘ಮೇ’ ಅಂದ್ರೆ ‘ಬಲ ಇದೆ’. ಶಕ್ತಿ ಅನ್ನೋ ಅರ್ಥದ ‘ಮೈಟ್’ ಪದ ಅದರ ಸಂಬಂಧಿ. ‘ವಿಲ್’ ಅಂದ್ರೆ ಬಯಕೆ. ‘ಶಲ್’ ಅಂದ್ರೆ ‘ಸಾಲ ಇದೆ, ತೀರಿಸಬೇಕು’. ಜರ್ಮನ್ ಭಾಷೆಯಲ್ಲಿ ಸಾಲಕ್ಕೂ ತಪ್ಪಿಗೂ ಇರೋ ‘ಶುಲ್ಡ್’ ಇದೇ ಕುಟುಂಬದ್ದು. ‘ಶಲ್’ನಲ್ಲಿ ಇವತ್ತಿಗೂ ಒಂದು ಗಡಸು ಇದೆಯಲ್ಲ, ಅದು ಸಾಲಗಾರನ ಮುಂದೆ ಕೂತವನ ಗಡಸು.

ಈಗ ನಮ್ಮ ಕಡೆ ಬನ್ನಿ. ‘ಮಾಡಬಲ್ಲೆ’ ಅನ್ನೋದರಲ್ಲಿರೋ ‘ಬಲ್ಲ’ ಅಂದ್ರೆ ಏನು? ತಿಳಿದವನು. ‘ಬಲ್ಲವರನ್ನ ಕೇಳು’ ಅಂತೀವಲ್ಲ, ಅದೇ. ಅಂದ್ರೆ ಇಂಗ್ಲಿಷಿನ ‘ಕ್ಯಾನ್’ ಯಾವ ದಾರಿಯಲ್ಲಿ ನಡೀತೋ ಅದೇ ದಾರಿಯಲ್ಲಿ ‘ಬಲ್ಲ’ನೂ ನಡೆದಿದೆ, ಒಬ್ಬರ ಮುಖ ಒಬ್ಬರು ನೋಡದೆ. ‘ಬೇಕು’ ಹಳಗನ್ನಡದ ‘ಬೇಳ್ಕುಂ’, ಬೇಡುವ-ಬಯಸುವ ಬಳಗದ್ದು. ನನಗೆ ಎಲ್ಲಕ್ಕಿಂತ ಇಷ್ಟವಾಗಿರೋದು ‘ಬಹುದು’. ಇದು ‘ಬರು’ ಅನ್ನೋ ಕ್ರಿಯಾಪದದ ರೂಪ: ಬರ್ಪುದು, ಬಪ್ಪುದು, ಬಹುದು. ಅಂದ್ರೆ ‘ಬರುತ್ತದೆ’. ನಂಬಿಕೆ ಬರಲಿಲ್ವಾ? ಅದರ ನಿಷೇಧ ನೋಡಿ, ‘ಮಾಡಬಾರದು’. ಬಾರದು, ಅಂದ್ರೆ ಬರೋದಿಲ್ಲ. ಹುಬ್ಬಳ್ಳಿಯಲ್ಲಿ ಅಂಗಡಿ ಮುಂದೆ ಬೈಕ್ ನಿಲ್ಸಿದ್ರೆ ಅಂಗಡಿಯವರು ಏನಂತಾರೆ? “ಇಲ್ಲಿ ಗಾಡಿ ಹಚ್ಚಾಕ ಬರೂದಿಲ್ರೀ.” ಬೆಂಗಳೂರಿನವರಿಗೆ ಇದು ವಿಚಿತ್ರ ಅನ್ನಿಸ್ಬಹುದು. ಆದ್ರೆ ಹಳಗನ್ನಡ ಮಾಡಿದ್ದ ಕೆಲಸವನ್ನೇ ಹುಬ್ಬಳ್ಳಿ ಮಾತು ‘ಬರು’ ಪದವನ್ನ ಮತ್ತೆ ಹೊಸದಾಗಿ ಕೈಗೆ ತಗೊಂಡು ಮಾಡ್ತಾ ಇದೆ. ಮರಾಠಿಯಲ್ಲೂ ಇಂಥದೇ ಪ್ರಯೋಗ ಇದೆ, ಅದೂ ಬೆನ್ನಿಗೆ ನಿಂತಿರಬಹುದು.

ಇಲ್ಲೊಂದು ಮಜಾ ಇದೆ. ‘ಬಹುಶಃ ಬರಬಹುದು’ ಅಂದಾಗ ಎರಡು ‘ಬಹು’ ಕೇಳಿಸ್ತವೆ, ಅಣ್ಣ-ತಮ್ಮ ಇದ್ದ ಹಾಗೆ. ಅಲ್ಲವೇ ಅಲ್ಲ. ‘ಬಹುಶಃ’ ಸಂಸ್ಕೃತದ ‘ಬಹು’, ಅಂದ್ರೆ ಹೆಚ್ಚು, ಅನೇಕ. ‘ಬಹುದು’ ನಮ್ಮ ‘ಬರು’. ಬೇರೆ ಬೇರೆ ಊರಿನವರು ಒಂದೇ ಬೆಂಚಲ್ಲಿ ಕೂತು ಅವಳಿ ಥರ ಕಾಣ್ತಾ ಇದ್ದಾರೆ, ಅಷ್ಟೇ.

ಸರಿ, ಇಂಗ್ಲಿಷ್ ‘ಮೇ’ಗೆ ಪಕ್ಕದಲ್ಲಿ ‘ಪರ್‌ಹ್ಯಾಪ್ಸ್’, ‘ಪ್ರಾಬಬ್ಲಿ’ ಯಾಕೆ ಬೇಕಾದ್ವು? ಇಲ್ಲೇ ಕಥೆಯ ಗಂಟು ಇರೋದು. ಕನ್ನಡ ಕ್ರಿಯಾಪದ ನಮ್ಮ ಹುಬ್ಬಳ್ಳಿ ಜಂಕ್ಷನ್‌ನ ರೈಲಿನ ಹಾಗೆ, ಹಿಂದೆ ಬೋಗಿ ಹಚ್ಚುತ್ತಾ ಹೋಗಬಹುದು. ಮಾಡು. ಮಾಡಬೇಕು. ಮಾಡಬೇಕಾಗು. ಮಾಡಬೇಕಾಗಬಹುದು. ‘ಬೇಕು’ ಅನ್ನೋ ಒತ್ತಾಯ, ‘ಬಹುದು’ ಅನ್ನೋ ಅನುಮಾನ, ಎರಡೂ ಒಂದೇ ಪದದೊಳಗೆ. ಇಂಗ್ಲಿಷಿನಲ್ಲಿ ‘ಮೇ ಮಸ್ಟ್ ಡೂ’ ಅನ್ನೋ ಹಾಗಿಲ್ಲ. ಮೋಡಲ್‌ಗೆ ಇರೋದು ಒಂದೇ ಸೀಟು. ಒಬ್ಬರು ಕೂತರೆ ಇನ್ನೊಬ್ಬರು ನಿಂತಿರಬೇಕು.

ಮೊದಲಿನಿಂದ ಹೀಗಿರಲಿಲ್ಲ. ಸುಮಾರು 600 ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ‘ಶಲ್ ಕ್ಯಾನ್’, ‘ಶಲ್ ಮೇ’ ಅಂತ ಎರಡೆರಡು ಕೂಡಿಸ್ತಾ ಇದ್ದರು. ಆಮೇಲೆ ಈ ಕ್ರಿಯಾಪದಗಳು ಸವೆದು, ತಮ್ಮ ಬೇರೆ ರೂಪಗಳನ್ನೆಲ್ಲ ಕಳ್ಕೊಂಡು, ಬರೀ ಸಹಾಯಕ ಪದಗಳಾಗಿ ಉಳಿದವು. ಸ್ಕಾಟ್ಲೆಂಡಿನ ಮಾತಿನಲ್ಲಿ, ಅಮೆರಿಕದ ದಕ್ಷಿಣದ ಹಳ್ಳಿಗಳಲ್ಲಿ ‘ಮೈಟ್ ಕುಡ್’ ಅಂತ ಇವತ್ತಿಗೂ ಕೇಳ್ತೀರಿ. ಶಾಲೆಯ ಇಂಗ್ಲಿಷ್ ಅದನ್ನ ಹೊರಗಿಟ್ಟಿದೆ. ಹೀಗಾಗಿ ಇಂಗ್ಲಿಷಿನವರು ತಮ್ಮ ಎರಡನೇ ಭಾವನೆಯನ್ನ, ಅಂದ್ರೆ ಎಷ್ಟು ಖಾತ್ರಿ, ಎಷ್ಟು ಅನುಮಾನ ಅನ್ನೋದನ್ನ, ಪಕ್ಕದಲ್ಲೊಂದು ಕ್ರಿಯಾವಿಶೇಷಣ ಇಟ್ಟು ಹೇಳೋದು ಹೆಚ್ಚಾಯ್ತು. ಅದಲ್ಲದಿದ್ರೆ ‘ಹ್ಯಾವ್ ಟು’, ‘ಬಿ ಏಬಲ್ ಟು’ ಅಂತ ಸುತ್ತು ಬಳಸಬೇಕು.

ಅಂದಹಾಗೆ ‘ಐ ಕ್ಯಾನ್ ಏಬಲ್ ಟು ಡೂ’ ಅನ್ನೋ ವಾಕ್ಯಕ್ಕೆ ಎಷ್ಟು ಮೀಮ್ ಬಂದಿವೆ! ‘ಮಾಡಾಕ ಆಗ್ಬೌದು’ ಅಂತ ಎರಡು ಬೋಗಿ ಸಲೀಸಾಗಿ ಹಚ್ಚೋ ಬಾಯಿಗೆ ‘ಕ್ಯಾನ್’ ಮೇಲೆ ‘ಏಬಲ್’ ಹಚ್ಚೋದು ಸಹಜ. ತಪ್ಪು ಹೌದು. ದಡ್ಡತನ ಅಲ್ಲ.

ಈ ವಿಶೇಷಣಗಳ ಹುಟ್ಟೂ ಚೆನ್ನಾಗಿದೆ. ‘ಮೇ’ ಮತ್ತು ‘ಬಿ’ ಎರಡೂ ಕೂಡಿ ‘ಮೇಬಿ’ ಆಯ್ತು. ಕ್ರಿಯಾಪದವೇ ಸವೆದು ವಿಶೇಷಣವಾದ ಹಾಗೆ. ಕನ್ನಡದ ‘ಹೌದು’ ಕೂಡ ಇದೇ ಜಾತಿಯದು. ‘ಆಗು’ ಇಂದ ‘ಅಹುದು’, ಅದರಿಂದ ‘ಹೌದು’. ಒಂದು ಪೂರ್ತಿ ಕ್ರಿಯಾಪದ ಸಣ್ಣದಾಗಿ ನಾವು ತಲೆ ಆಡಿಸೋ ಶಬ್ದವಾಗಿಬಿಟ್ಟಿದೆ. ‘ಪರ್‌ಹ್ಯಾಪ್ಸ್’ನಲ್ಲಿ ಇರೋದು ಅದೃಷ್ಟ. ‘ಡೆಫಿನೆಟ್ಲಿ’ಯಲ್ಲಿ ಗಡಿ ಹಾಕಿದ ಅರ್ಥ ಇದೆ, ನಮ್ಮ ‘ಖಂಡಿತ’ದಲ್ಲಿ ಕತ್ತರಿಸಿದ ಅರ್ಥ. ಖಾತ್ರಿ ಅಂದ್ರೆ ಎಲ್ಲೋ ಒಂದು ಗೆರೆ ಎಳೆಯೋದು ಅಂತ ಎರಡೂ ಕಡೆಯವರಿಗೆ ಅನ್ನಿಸಿದೆ.

ಈಗ ಈ ಎರಡು ಭಾಷೆ ಎದುರುಬದುರು ಕೂತ ಕಾಲಕ್ಕೆ ಬರೋಣ. 1817ರಲ್ಲಿ ವಿಲಿಯಂ ಕೇರಿ ಬಂಗಾಳದ ಸೆರಾಂಪುರದಲ್ಲಿ ಕನ್ನಡ ವ್ಯಾಕರಣವನ್ನ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದರು. ಅಲ್ಲಿಂದ ಮೂರೇ ವರ್ಷಕ್ಕೆ, 1820ರಲ್ಲಿ, ಮದ್ರಾಸಿನಿಂದ ಜಾನ್ ಮೆಕೆರೆಲ್ ಅವರ ವ್ಯಾಕರಣ ಬಂತು. ನಡುವೆ 1818ರಲ್ಲಿ ಪೇಶ್ವೆ ಸೋತು ಧಾರವಾಡ-ಹುಬ್ಬಳ್ಳಿ ಸೀಮೆ ಕಂಪನಿ ಕೈಗೆ ಹೋಗಿತ್ತು. ಹೊಸದಾಗಿ ಬಂದ ಅಧಿಕಾರಿಗೆ ಕನ್ನಡ ಬೇಕು. ರೈತ ‘ಕೊಡಬಹುದು’ ಅಂದನೋ ‘ಕೊಡಬೇಕು’ ಅಂದನೋ, ಕಂದಾಯದ ಲೆಕ್ಕದಲ್ಲಿ ಅದು ದೊಡ್ಡ ವ್ಯತ್ಯಾಸ. ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂತು. 1853ರಲ್ಲಿ ಭಾರತಕ್ಕೆ ಬಂದ ಫರ್ಡಿನೆಂಡ್ ಕಿಟೆಲ್ ಧಾರವಾಡದಲ್ಲೂ ಕೆಲಸ ಮಾಡಿದರು. ಅವರ ದೊಡ್ಡ ನಿಘಂಟು 1894ರದ್ದು, ವ್ಯಾಕರಣ 1903ರದ್ದು. ಮೈಸೂರಿನ ವೆಸ್ಲಿಯನ್ ಮಿಷನ್‌ನ ಹೆರಾಲ್ಡ್ ಸ್ಪೆನ್ಸರ್ ಅವರ ಕನ್ನಡ ವ್ಯಾಕರಣ 1914ರದ್ದು.

ಇವರೆಲ್ಲ ಗಂಟು ಬಿಡಿಸಬೇಕಾಗಿದ್ದ ಒಂದು ರೂಪ ಇದೆ: ಬಂದಾನು, ಮಾಡಿಯಾನು, ಬಿದ್ದೀತು. ‘ಬರಬಹುದು’ ಅಲ್ಲ, ‘ಬರುತ್ತಾನೆ’ ಅಲ್ಲ. ಬಂದರೂ ಬರಬಹುದು, ಯಾರಿಗೆ ಗೊತ್ತು, ಅನ್ನೋ ಧಾಟಿ. ಕನ್ನಡ ವ್ಯಾಕರಣದಲ್ಲಿ ಸಂಭಾವನಾ ರೂಪ ಅಂತಾರೆ. ಇಂಗ್ಲಿಷಿನಲ್ಲಿ ಇದನ್ನ ಹೇಳೋಕೆ ‘ಮೇ’ ಜೊತೆಗೆ ‘ಪರ್‌ಹ್ಯಾಪ್ಸ್’ ಅಥವಾ ‘ಪಾಸಿಬ್ಲಿ’ ಸೇರಿಸಬೇಕು. ಅಂದ್ರೆ ಇಂಗ್ಲಿಷಿನ ಎರಡು ಪದದ ಕೆಲಸ ನಮ್ಮ ಒಂದು ಪ್ರತ್ಯಯದ್ದು. ಧಾರವಾಡದ ಕಡೆ ಇನ್ನೂ ಒಂದು ತೊಡಕು. ಅಲ್ಲಿ ‘ಬಂದಾನ’ ಅಂದ್ರೆ ಬಂದಿದ್ದಾನೆ, ಬಂದಾಗಿದೆ. ‘ಬಂದಾನು’ ಅಂದ್ರೆ ಬಂದರೂ ಬರಬಹುದು. ಕೊನೆಯ ಒಂದು ಸ್ವರ ತಪ್ಪಿ ಕೇಳಿಸಿದ್ರೆ ಮನೆಗೆ ಬಂದವನು ದಾರಿಯಲ್ಲೇ ಉಳಿದುಬಿಡ್ತಾನೆ! ಹೊಸದಾಗಿ ಕನ್ನಡ ಕಲಿಯೋ ಪಾದ್ರಿ ಇದನ್ನ ಕಿವಿಯಲ್ಲಿ ಹಿಡಿಯೋದು ಸುಲಭದ ಮಾತಲ್ಲ.

ಈ ರೂಪ ಇವತ್ತು ನಮ್ಮ ನಗರದ ಮಾತಿನಲ್ಲಿ ಕಡಿಮೆ ಆಗ್ತಾ ಇದೆ. ‘ಮಳಿ ಬಂದೀತು, ಛತ್ರಿ ತಗೋ’ ಅಂತ ಅಜ್ಜಿ ಅಂತಾರೆ. ಮೊಮ್ಮಗಳು ‘ಮೇಬಿ ಮಳೆ ಬರಬಹುದು’ ಅಂತಾಳೆ. ನನಗಿದು ಸ್ವಲ್ಪ ಬೇಜಾರಿನ ವಿಷಯವೇ. ‘ಬಂದೀತು’ ಒಳಗಿದ್ದ ಎಚ್ಚರಿಕೆ ‘ಮೇಬಿ’ಯಲ್ಲಿ ಇಲ್ಲ.

ಮುಂದೆ ಹರಿವು ತಿರುಗಿತು. ಅವರು ಕನ್ನಡ ಕಲಿಯೋದು ಹೋಗಿ ನಾವು ಇಂಗ್ಲಿಷ್ ಕಲಿಯೋದು ಶುರುವಾಯ್ತು. ನಮ್ಮ ಸೀಮೆ ಬಾಂಬೆ ಪ್ರಾಂತ್ಯದಲ್ಲಿತ್ತು. 1857ರಲ್ಲಿ ಬಾಂಬೆ ವಿಶ್ವವಿದ್ಯಾಲಯ ಬಂತು, ಮೆಟ್ರಿಕ್ ಪರೀಕ್ಷೆಯ ಇಂಗ್ಲಿಷ್ ನೌಕರಿಯ ಬಾಗಿಲಾಯ್ತು. ಶಾಲೆಯ ಗ್ರಾಮರ್‌ನಲ್ಲಿ ಎಂಥ ನಿಯಮಗಳಿದ್ದವು ಅಂದ್ರೆ, ‘ಐ’ ಜೊತೆ ‘ಶಲ್’, ‘ಹಿ’ ಜೊತೆ ‘ವಿಲ್’ ಅನ್ನೋ ನಿಯಮವನ್ನ ಜಾನ್ ವಾಲಿಸ್ ಎಂಬ ಗಣಿತಜ್ಞ 1653ರಲ್ಲಿ ಲ್ಯಾಟಿನ್‌ನಲ್ಲಿ ಬರೆದಿದ್ದರು. ಅದು ಕೈಯಿಂದ ಕೈಗೆ ದಾಟಿ ನಮ್ಮ ಹೈಸ್ಕೂಲಿನವರೆಗೂ ಬಂತು. 1930ರ ದಶಕದಿಂದ ಮನೆಮನೆಗೂ ಬಂದ ರೆನ್ ಅಂಡ್ ಮಾರ್ಟಿನ್ ಗೊತ್ತಲ್ಲ? ಆ ಪಿ.ಸಿ. ರೆನ್ ಬಾಂಬೆ ಪ್ರಾಂತ್ಯದ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದವರು. ‘ಬೋ ಜೆಸ್ಟ್’ ಅನ್ನೋ 1924ರ ಸಾಹಸ ಕಾದಂಬರಿ ಬರೆದವರೂ ಅವರೇ.

ತರಗತಿಯಲ್ಲಿ ಕಲಿಸೋಕೆ ಸುಲಭ ದಾರಿ ಅಂದ್ರೆ ಎರಡು ಕಾಲಂ. ಈ ಕಡೆ ‘ಮೇ’, ಆ ಕಡೆ ‘ಬಹುದು’. ‘ಕ್ಯಾನ್’ ಎದುರೂ ‘ಬಹುದು’. ‘ಮೈಟ್’, ‘ಕುಡ್’ ಎದುರೂ ಮತ್ತೆ ‘ಬಹುದು’. ಇಂಗ್ಲಿಷಿನಲ್ಲಿ ಅಪ್ಪಣೆಗೆ, ಸಾಮರ್ಥ್ಯಕ್ಕೆ, ಊಹೆಗೆ ಬೇರೆ ಬೇರೆ ಮೆಟ್ಟಿಲುಗಳಿವೆ. ಕಾಲಂ ಅವನ್ನೆಲ್ಲ ಒಂದೇ ಕಟ್ಟೆ ಮಾಡಿತು. ಕನ್ನಡದಲ್ಲಿ ‘ಬಹುದು’ ತಾನೊಂದೇ ನಿಂತರೆ ಅಪ್ಪಣೆಯೋ ಊಹೆಯೋ ಗೊತ್ತಾಗೋದಿಲ್ಲ. ‘ಅವ ಬರಬಹುದು’ ಅಂದ್ರೆ ಬರೋಕೆ ಪರ್ಮಿಷನ್ ಇದೆಯಾ, ಇಲ್ಲಾ ಬರೋ ಚಾನ್ಸ್ ಇದೆಯಾ? ಅದನ್ನ ಬಿಡಿಸೋಕೇ ನಾವು ಮುಂದೆ ‘ಬಹುಶಃ’ ಇಡ್ತೀವಿ. ಅಲ್ಲಿ ‘ಬಹುಶಃ’ ಪುನರುಕ್ತಿ ಅಲ್ಲ, ದಾರಿ ತೋರಿಸೋ ಬೋರ್ಡು. ಗೋಪನಕೊಪ್ಪದ ನಮ್ಮ ಕೇಳುಗರು ಆ ಬೋರ್ಡನ್ನೇ ಇಂಗ್ಲಿಷಿಗೆ ಎತ್ಕೊಂಡು ಹೋಗಿದ್ದಾರೆ.

ಹಾಗಾದ್ರೆ ಇಂಗ್ಲಿಷಿನಲ್ಲಿ ತೊಂದರೆ ಏನು? ತೂಕ. ‘ಮೇ’ ಅಂದ್ರೆ ಆದರೂ ಆಯ್ತು, ಇಲ್ಲದಿದ್ದರೂ ಇಲ್ಲ. ‘ಪ್ರಾಬಬ್ಲಿ’ ಅಂದ್ರೆ ಆಗೋದೇ ಹೆಚ್ಚು. ಒಂದು ತಕ್ಕಡಿಯಲ್ಲಿ ಎರಡು ಬೇರೆ ತೂಕ. ಅದಕ್ಕೇ ಇವತ್ತಿನ ಇಂಗ್ಲಿಷ್ ಕಿವಿಗೆ ‘ವಿಲ್ ಪ್ರಾಬಬ್ಲಿ ಕಮ್’ ಸರಿ, ‘ಮೇ ಪಾಸಿಬ್ಲಿ’ ಕೂಡ ಸರಿ, ‘ಮಸ್ಟ್ ಸರ್ಟನ್ಲಿ’ ಸರಿ. ಸಮ ತೂಕದವು ಜೋಡಿಯಾದರೆ ಒಂದನ್ನೊಂದು ಹಿಡ್ಕೊಂಡು ನಿಲ್ತವೆ. ಹ್ಯಾಲಿಡೇ, ಲಯನ್ಸ್ ಅನ್ನೋ ಭಾಷಾವಿಜ್ಞಾನಿಗಳು 1970ರ ದಶಕದಲ್ಲಿ ಈ ಹೊಂದಾಣಿಕೆ ಬಗ್ಗೆ ಬರೆದಿದ್ದಾರೆ. ಹಾಗಾಗಿ ‘ಮೇ’ ಅಂದಮೇಲೆ ಇನ್ನೊಂದು ಪದ ಯಾಕೆ ಅನ್ನೋ ಪ್ರಶ್ನೆಯೇ ಸರಿಯಿಲ್ಲ. ಎರಡು ಪದ ಇಡಬಹುದು, ಯಾವ ಎರಡು ಅನ್ನೋದೇ ವಿಷಯ.

ಇನ್ನೊಂದು ವಿಷಯ ಇದೆ, ಅದನ್ನ ನಕ್ಕವರಿಗೂ ಹೇಳಿ. 18ನೇ ಶತಮಾನದ ಇಂಗ್ಲಿಷ್ ಗದ್ಯ ತೆಗೆದರೆ ‘ಮೇ ಪ್ರಾಬಬ್ಲಿ’ ಸಲೀಸಾಗಿ ಸಿಗುತ್ತೆ. ಓದಿಕೊಂಡ ಇಂಗ್ಲಿಷರೇ ಬರೆದದ್ದು. ಕಂಪನಿಯ ಜೊತೆ ಈ ನಾಡಿಗೆ ಬಂದ ಇಂಗ್ಲಿಷ್ ಆ ಕಾಲದ್ದು. ಆಮೇಲೆ ಇಂಗ್ಲೆಂಡಿನಲ್ಲಿ ರೂಢಿ ಬದಲಾಯ್ತು, ಆ ಜೋಡಿ ಹಿಂದೆ ಸರಿಯಿತು. ಅಂದ್ರೆ ಆ ಸಂಜೆ ಕ್ಲಾಸಿನಲ್ಲಿ ನಕ್ಕಿದ್ದು ಒಂದು ಹಳೇ ಇಂಗ್ಲಿಷ್ ಜೋಡಿಯನ್ನ ನೋಡಿ.

ತೂಕ ತಪ್ಪಿದ್ರೆ ಬರೀ ನಗು ಬರುತ್ತೆ ಅಂದ್ಕೋಬೇಡಿ. 1951ರಲ್ಲಿ ಅಮೆರಿಕದ ಸಿಐಎ ಒಂದು ವರದಿ ಬರೀತು, ಯುಗೋಸ್ಲಾವಿಯಾ ಮೇಲೆ ದಾಳಿ ನಡೆಯೋದನ್ನ ಗಂಭೀರ ಸಾಧ್ಯತೆ ಅಂತ ಪರಿಗಣಿಸಬೇಕು ಅಂತ. ‘ಶುಡ್’ ಇತ್ತು, ‘ಸಾಧ್ಯತೆ’ ಇತ್ತು, ‘ಗಂಭೀರ’ ಇತ್ತು, ಅಂಕಿ ಮಾತ್ರ ಇರಲಿಲ್ಲ. ಆ ವಿಭಾಗದಲ್ಲಿದ್ದ ಶೆರ್ಮನ್ ಕೆಂಟ್, ಮೂಲತಃ ಇತಿಹಾಸದ ಪ್ರೊಫೆಸರ್, ತನ್ನ ಮನಸ್ಸಿನಲ್ಲಿ 65ಕ್ಕೆ 35 ಅಂದ್ಕೊಂಡಿದ್ದರು. ಆಮೇಲೆ ಒಟ್ಟಿಗೆ ಕೂತು ಅದೇ ವಾಕ್ಯ ಬರೆದ ಸಹೋದ್ಯೋಗಿಗಳನ್ನ ಕೇಳಿದರೆ ಒಬ್ಬರು 80ಕ್ಕೆ 20 ಅಂದ್ರು, ಇನ್ನೊಬ್ಬರು 20ಕ್ಕೆ 80! ಕೆಂಟ್ 1964ರಲ್ಲಿ ಇದರ ಬಗ್ಗೆ ಲೇಖನ ಬರೆದು ಪ್ರತಿ ಪದಕ್ಕೂ ಶೇಕಡಾ ಗೊತ್ತು ಮಾಡೋಣ ಅಂದರು. ಇವತ್ತು ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಐಪಿಸಿಸಿ ವರದಿಗಳಲ್ಲಿ ‘ವೆರಿ ಲೈಕ್ಲಿ’ ಅಂದ್ರೆ ಶೇ. 90ರ ಮೇಲೆ ಅಂತ ಬರೆದೇ ಇರುತ್ತೆ.

ಕಾನೂನು ಇನ್ನೊಂದು ದಾರಿ ಹಿಡೀತು: ವಿಶೇಷಣವನ್ನ ಆದಷ್ಟು ಹೊರಗಿಟ್ಟು ಮೋಡಲ್‌ನ್ನ ಗಟ್ಟಿ ಮಾಡಿತು. ‘ಶಲ್’ ಅಂದ್ರೆ ಕರ್ತವ್ಯ, ‘ಮೇ’ ಅಂದ್ರೆ ಅಧಿಕಾರ. ನಮ್ಮ ಸರ್ಕಾರಿ ಕನ್ನಡದಲ್ಲಿ ‘ಶಲ್’ಗೆ ‘ಮಾಡತಕ್ಕದ್ದು’ ಅಂತಾರೆ, ಬೇಡ ಅನ್ನೋದಕ್ಕೆ ‘ಕೂಡದು’. ರೈಲ್ವೆಯ ನಿಯಮ ಪುಸ್ತಕ ತುಂಬ ‘ಶಲ್’ಗಳೇ. ಕೆಂಪು ಸಿಗ್ನಲ್ ಮುಂದೆ ‘ಬಹುಶಃ’ಗೆ ಜಾಗ ಇಲ್ಲ ನೋಡಿ. ಸಂವಿಧಾನದ 3ನೇ ವಿಧಿಯಲ್ಲಿ ಇರೋದು ಮಾತ್ರ ‘ಮೇ’. ಪಾರ್ಲಿಮೆಂಟು ಕಾನೂನು ಮಾಡಿ ಹೊಸ ರಾಜ್ಯ ರಚಿಸಬಹುದು ಅಂತ. ರಚಿಸಲೇಬೇಕು ಅಂತಲ್ಲ. ಹುಬ್ಬಳ್ಳಿ ಸೀಮೆಯವರಿಗೆ ಆ ‘ಬಹುದು’ ಎಷ್ಟು ಉದ್ದ ಅನ್ನಿಸಿರಬೇಕು! 1953ರಲ್ಲಿ ಹುಬ್ಬಳ್ಳಿ ಹತ್ತಿರದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಏಕೀಕರಣಕ್ಕಾಗಿ ಉಪವಾಸ ಕೂತರು, ಹುಬ್ಬಳ್ಳಿಯ ಬೀದಿ ಕಾವೇರಿತು. 1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆ ಮೈಸೂರು ರಾಜ್ಯ ಸೇರಿತು. ಕಾಗದದ ಮೇಲಿನ ‘ಬಹುದು’ ಅನ್ನು ‘ಲೇಬೇಕು’ ಮಾಡಿದ್ದು ಜನ.

ಆ ‘ಲೇಬೇಕು’ ಒಳಗಿನ ‘ಏ’ ಗಮನಿಸಿ. ‘ಬರಲೇಬೇಕು’. ಇಂಗ್ಲಿಷಿನಲ್ಲಿ ‘ಮಸ್ಟ್’ ಜೊತೆ ‘ಡೆಫಿನೆಟ್ಲಿ’ ಇಟ್ಟು ಹೇಳೋದನ್ನ ಕನ್ನಡ ಒಂದೇ ಸ್ವರದಲ್ಲಿ ಹೇಳುತ್ತೆ. ಇನ್ನೂ ಒತ್ತು ಬೇಕಾದ್ರೆ ಕ್ರಿಯಾಪದವನ್ನೇ ಎರಡು ಸಲ: ‘ಬಂದೇ ಬರ್ತಾನ’. ಈಗ ಅದರ ಮೇಲೆ ‘ಪಕ್ಕಾ’ ಬೇರೆ ಸೇರಿದೆ. ‘ಪಕ್ಕಾ ಬಂದೇ ಬರ್ತೀನ್ಲೇ’ ಅಂದ ಗೆಳೆಯ ಎಷ್ಟು ಸಲ ಬಂದಿದ್ದಾನೆ ಅನ್ನೋದು ಬೇರೆ ಲೆಕ್ಕ.

ವಿನಯಕ್ಕೂ ಇದೇ ಜೋಡಿ ಕೆಲಸ. ಇಂಗ್ಲಿಷಿನಲ್ಲಿ ‘ಕುಡ್ ಯೂ ಪಾಸಿಬ್ಲಿ’ ಅಂತ ಎರಡು ಅನುಮಾನ ಪೇರಿಸಿ ಕೇಳಿದರೆ ಮರ್ಯಾದೆ. ಹುಬ್ಬಳ್ಳಿ ಬಸ್ಸಿನಲ್ಲಿ “ಒಂಚೂರು ಸರೀತೀರೇನ್ರೀ” ಅಂತೀವಿ. ಅಲ್ಲಿ ‘ಒಂಚೂರು’ ವಿಶೇಷಣ, ಆದ್ರೆ ಜಾಗ ಕೇಳೋದು ಒಂಚೂರು ಅಲ್ಲ, ಪೂರಾ ಸೀಟೇ! ‘ರೀ’ ಉಳಿದ ಕೆಲಸ ಮಾಡುತ್ತೆ. ಈ ‘ರೀ’ಗೆ ಇಂಗ್ಲಿಷಿನಲ್ಲಿ ಜೋಡಿ ಇಲ್ಲ. ಅದಕ್ಕೇ ನಮ್ಮವರ ಇಮೇಲ್‌ನಲ್ಲಿ ‘ಕೈಂಡ್ಲಿ’, ‘ಪ್ಲೀಸ್’ ಎರಡೂ ಒಟ್ಟಿಗೆ ಬಂದು ಕೂರ್ತವೆ.

ಇನ್ನು ಇಂಟರ್‌ವ್ಯೂ ಹತ್ತಿರ ಇರೋರಿಗೆ ಒಂದು ಮಾತು. ‘ವಿಲ್’ ಆದಮೇಲೆ ‘ಪ್ರಾಬಬ್ಲಿ’, ಆಮೇಲೆ ಮುಖ್ಯ ಕ್ರಿಯಾಪದ. ಇಲ್ಲ ಅನ್ನುವಾಗ ಕ್ರಮ ತಿರುಗುತ್ತೆ: ‘ಪ್ರಾಬಬ್ಲಿ ವೋಂಟ್’. ಕನ್ನಡದಲ್ಲಿ ಈ ಕಟ್ಟುಪಾಡು ಇಲ್ಲ, ‘ಬಹುಶಃ’ ಮೊದಲಿಗೂ ಬರುತ್ತೆ, ಕೊನೆಗೂ ಬರುತ್ತೆ: “ಇವತ್ತ ಬರೂದಿಲ್ಲ ಅಂವ, ಬಹುಶಃ.” ಸಂಬಳ ಎಷ್ಟು ನಿರೀಕ್ಷೆ ಮಾಡ್ತೀರಿ ಅಂತ ಕೇಳಿದಾಗ ಮಾತ್ರ ‘ಮೇಬಿ’, ‘ಪ್ರಾಬಬ್ಲಿ’ ಎರಡನ್ನೂ ಗೋಪನಕೊಪ್ಪದ ಮನೆಯಲ್ಲೇ ಬಿಟ್ಟು ಹೋಗಿ.

ಮುಂದಿನ ವಾರ ಸಿಗೋಣ. ಬಹುಶಃ ಅಲ್ಲ, ಸಿಕ್ಕೇ ಸಿಗ್ತೀವಿ.